ಮರದ ನೆಲಕ್ಕೆ ಯಾವ ಲೇಪ: ಕಲಬುರಗಿಯ ಬಿಸಿಲು, ಧೂಳು ನೋಡಿ ಆರಿಸುವ ಬಗೆ

ಶಹಾಬಾದ್ ಕಲ್ಲು ಮನೆಬಾಗಿಲಲ್ಲೇ ಸಿಗುವ ಕಲಬುರಗಿ ಸೀಮೆಯಲ್ಲಿ ಮರದ ನೆಲ ಅಪರೂಪ. ಹಳೆಯ ವಾಡೆಗಳ ಮೇಲಂತಸ್ತಿನಲ್ಲಿ ತೊಲೆ, ಜಂತಿಗಳ ಮೇಲೆ ಸಾಗವಾನಿ ಹಲಗೆ ಹಾಸಿದ ಕೋಣೆಗಳು ಅಲ್ಲಲ್ಲಿ ಉಳಿದಿವೆ. ಈಚೆಗೆ ಕಟ್ಟಿಸುವ ಮನೆಗಳಲ್ಲಿ ಮಲಗುವ ಕೋಣೆಗೋ ಓದುವ ಕೋಣೆಗೋ ಮರದ ನೆಲ ಹಾಕಿಸುವವರೂ ಇದ್ದಾರೆ. ಅಪರೂಪವಾದುದರಿಂದಲೇ, ಅದಕ್ಕೆ ಏನು ಬಳಿಯಬೇಕೆಂದು ಅನುಭವದಿಂದ ಹೇಳುವವರು ಸುಲಭಕ್ಕೆ ಸಿಗುವುದಿಲ್ಲ. ಬಾಗಿಲು, ಚೌಕಟ್ಟು, ಮಂಚ, ಕಪಾಟುಗಳಿಗೆ ಒಳ್ಳೆಯ ಪಾಲಿಶ್ ಮಾಡುವ ಕೈಗಳು ನಮ್ಮಲ್ಲಿ ಬೇಕಾದಷ್ಟಿವೆ. ಆದರೆ ಅದೇ ಪಾಲಿಶನ್ನು ಕಾಲಡಿಯ ಹಲಗೆಗೂ ಹೊಡೆಸಿದರೆ ಹೆಚ್ಚು ದಿನ ನಿಲ್ಲುವುದಿಲ್ಲ. ನಮ್ಮ ಮನೆಯ ಮೇಲಿನ ಕೋಣೆಯ ಹಲಗೆಗಳನ್ನು ಎರಡು ಸಲ ಉಜ್ಜಿಸಿ, ಎರಡು ಸಲ ಬಳಿಸಬೇಕಾಗಿ ಬಂದದ್ದು ಹೀಗೆಯೇ. ಆ ಅನುಭವವನ್ನೂ, ಆಮೇಲೆ ಪರಿಚಯದವರ ಮನೆಗಳಲ್ಲಿ ಕಂಡದ್ದನ್ನೂ ಸೇರಿಸಿ, ಈ ಕೆಲಸಕ್ಕೆ ಕೈಹಾಕುವವರಿಗೆ ನೆರವಾಗಲೆಂದು ಬರೆಯುತ್ತಿದ್ದೇನೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳುತ್ತೇನೆ. ನೆಲದ ಲೇಪವನ್ನು ಮೊದಲ ದಿನದ ಹೊಳಪು ನೋಡಿ ಆರಿಸಬಾರದು. ನಾಲ್ಕೈದು ವರ್ಷದ ಮೇಲೆ ಓಡಾಡುವ ದಾರಿಯಲ್ಲಿ ಅದು ಸವೆದಾಗ, ಇಡೀ ಕೋಣೆಯನ್ನು ಮತ್ತೆ ಉಜ್ಜಿಸದೆ ಅಷ್ಟನ್ನೇ ಸರಿಪಡಿಸಲು ಬರುತ್ತದೆಯೇ ಎಂದು ನೋಡಿ ಆರಿಸಬೇಕು. ಕೆಳಗಿನ ಹೋಲಿಕೆಯೆಲ್ಲ ಈ ಒಂದು ಪ್ರಶ್ನೆಯ ಸುತ್ತಲೇ ಇದೆ.

ಅಂಗಡಿಯಲ್ಲಿ ಸ್ಟೇನ್, ವಾರ್ನಿಶ್, ಪಾಲಿಶ್ ಎಂಬ ಮಾತುಗಳನ್ನು ಒಂದೇ ಅರ್ಥದಲ್ಲಿ ಬಳಸುವುದರಿಂದ ಮೊದಲ ಗೊಂದಲ ಅಲ್ಲಿಯೇ ಹುಟ್ಟುತ್ತದೆ. ಸ್ಟೇನ್ ಎಂದರೆ ಮರಕ್ಕೆ ಇಳಿಯುವ ಬಣ್ಣ ಮಾತ್ರ; ಅದು ನೀರನ್ನಾಗಲಿ ಸವೆತವನ್ನಾಗಲಿ ತಡೆಯುವುದಿಲ್ಲ. ವಾರ್ನಿಶ್ ಎಂದರೆ ಮರದ ಮೇಲೆ ಪೊರೆಯಾಗಿ ನಿಂತು ಅದನ್ನು ಕಾಯುವ ಲೇಪ. ಎಣ್ಣೆ ಇವೆರಡರ ನಡುವಿನದು, ಮರದೊಳಗೆ ಇಳಿದು ಅಲ್ಲಿಯೇ ಗಟ್ಟಿಯಾಗುತ್ತದೆ. ಆದ್ದರಿಂದ ಸ್ಟೇನ್ ಬೇಕೋ ವಾರ್ನಿಶ್ ಬೇಕೋ ಎಂಬ ಪ್ರಶ್ನೆಯೇ ಸರಿಯಲ್ಲ. ಬಣ್ಣ ಬದಲಿಸಬೇಕೇ ಎಂಬುದು ಒಂದು ತೀರ್ಮಾನ, ಯಾವ ಲೇಪದಿಂದ ಕಾಯಬೇಕು ಎಂಬುದು ಇನ್ನೊಂದು. ಮೊದಲನೆಯದಕ್ಕೆ ಬೇಡ ಎಂದರೂ ನಡೆಯುತ್ತದೆ, ಎರಡನೆಯದನ್ನು ಬಿಡುವಂತಿಲ್ಲ.

ಇದಕ್ಕೂ ಮೊದಲು ನೆಲ ಯಾವ ಬಗೆಯದೆಂದು ತಿಳಿದಿರಬೇಕು. ಮೇಲೆ ಮರದ ಚಿತ್ರವಷ್ಟೇ ಇರುವ ಲ್ಯಾಮಿನೇಟ್ ಮತ್ತು ವಿನೈಲ್ ನೆಲಗಳನ್ನು ಉಜ್ಜುವಂತೆಯೂ ಇಲ್ಲ, ಬಳಿಯುವಂತೆಯೂ ಇಲ್ಲ. ಎಂಜಿನಿಯರ್ಡ್ ಮರದ ನೆಲದಲ್ಲಿ ಮೇಲ್ಪದರ ಮಾತ್ರ ನಿಜವಾದ ಮರ. ಅದು 3 ಮಿಲಿಮೀಟರಿಗಿಂತ ತೆಳುವಾಗಿದ್ದರೆ ಯಂತ್ರದಿಂದ ಉಜ್ಜಿಸುವ ಸಾಹಸ ಬೇಡ. ಗಟ್ಟಿ ಹಲಗೆಯ ನೆಲಕ್ಕೆ ಮಾತ್ರ ಮುಂದಿನ ಆಯ್ಕೆಗಳೆಲ್ಲ ತೆರೆದಿರುತ್ತವೆ.

ಸ್ಟೇನ್ ಬೇಕೇ?

ಸಾಗವಾನಿ ಹಲಗೆಯಾದರೆ ಬೇಡ ಎಂದೇ ಹೇಳುತ್ತೇನೆ. ಹೊಸದಾಗಿ ಉಜ್ಜಿದ ಸಾಗವಾನಿ ಮಸುಕಾಗಿ, ಕಲೆಕಲೆಯಾಗಿ ಕಾಣುವುದರಿಂದ ಅನೇಕರು ಹೆದರಿ ಕೂಡಲೇ ಗಾಢ ಬಣ್ಣದ ಸ್ಟೇನ್ ಬಳಿಸುತ್ತಾರೆ. ಆದರೆ ಕೆಲವು ವಾರಗಳ ಬೆಳಕಿಗೆ ಆ ಮರ ತಾನಾಗಿಯೇ ಹೊಂಗಂದು ಬಣ್ಣಕ್ಕೆ ತಿರುಗುತ್ತದೆ, ಕಲೆಗಳೂ ಬಹುಮಟ್ಟಿಗೆ ಒಂದಾಗುತ್ತವೆ. ಕೊನೆಗೆ ಹೇಗೆ ಕಾಣಬಹುದೆಂದು ತಿಳಿಯಲು ಒಂದು ಸುಲಭ ಉಪಾಯವಿದೆ. ಮಂಚದ ಕೆಳಗೆ ಬರುವ ಮೂಲೆಯ ಒಂದು ಹಲಗೆಯನ್ನು ಚೆನ್ನಾಗಿ ಉಜ್ಜಿ, ಒದ್ದೆ ಬಟ್ಟೆಯಿಂದ ಒರೆಸಬೇಕು. ನೀರು ತಾಗಿದ ಕ್ಷಣ ಮರದ ಎಳೆಗಳು ಎದ್ದು ಕಂಡು, ಬಣ್ಣ ಗಾಢವಾಗುತ್ತದೆ. ಬಣ್ಣವಿಲ್ಲದ ವಾರ್ನಿಶ್ ಹೊಡೆದ ಮೇಲೆ ನೆಲ ಹೆಚ್ಚುಕಡಿಮೆ ಹಾಗೆಯೇ ಕಾಣುತ್ತದೆ. ನಮ್ಮ ಮನೆಯಲ್ಲಿ ಮೊದಲ ಸಲ ಇದನ್ನು ಮಾಡಿ ನೋಡಿದ್ದರೆ ಸ್ಟೇನಿನ ಡಬ್ಬಿಯನ್ನು ತೆರೆಯುತ್ತಲೇ ಇರಲಿಲ್ಲ.

ಸ್ಟೇನ್ ಬೇಕಾಗುವ ಸಂದರ್ಭಗಳೂ ಇವೆ. ಹಳೆಯ ನೆಲದಲ್ಲಿ ಕೊಳೆತ ನಾಲ್ಕು ಹಲಗೆ ತೆಗೆದು ಹೊಸ ಹಲಗೆ ಕೂಡಿಸಿದಾಗ ಅವು ಬೇರೆಯಾಗಿ ಕಾಣುತ್ತವೆ. ಆಗ ಆ ನಾಲ್ಕಕ್ಕೆ ಮಾತ್ರ ತಿಳಿಯಾದ ಸ್ಟೇನ್ ಹಚ್ಚಿ ಹಳೆಯದಕ್ಕೆ ಹೊಂದಿಸುವುದು ಸರಿ. ಪೈನ್ ಮರದ ನೆಲವನ್ನು ಗಾಢ ಮಾಡಬೇಕೆಂಬ ಆಸೆ ಹಲವರಿಗೆ. ಪೈನ್ ಬಣ್ಣವನ್ನು ಒಂದೇ ಸಮನಾಗಿ ಹೀರುವುದಿಲ್ಲವಾದ್ದರಿಂದ ಮೋಡ ಕವಿದಂತೆ ಕಲೆ ಬೀಳುತ್ತದೆ. ಮೊದಲು ಸ್ಪಿರಿಟ್ಟಿನಲ್ಲಿ ತೀರ ತೆಳುವಾಗಿ ಕಲಸಿದ, ಮೇಣ ತೆಗೆದ ಅರಗಿನ (ಶೆಲ್ಯಾಕ್) ಒಂದು ಕೋಟ್ ಕೊಟ್ಟು, ಅದು ಒಣಗಿದ ಮೇಲೆ ಸ್ಟೇನ್ ಹಚ್ಚಿದರೆ ಕಲೆ ಕಡಿಮೆಯಾಗುತ್ತದೆ.

ಸ್ಟೇನಿನಲ್ಲಿಯೂ ಸ್ಪಿರಿಟ್ ಬೆರೆತದ್ದು, ನೀರು ಬೆರೆತದ್ದು, ಎಣ್ಣೆ ಇಲ್ಲವೆ ಟರ್ಪೆಂಟೈನ್ ಬೆರೆತದ್ದು ಎಂದು ಮೂರು ಬಗೆ. ಸ್ಪಿರಿಟ್ ಬಗೆಯದು ಕ್ಷಣದಲ್ಲಿ ಒಣಗುವುದರಿಂದ ಕುರ್ಚಿಗೆ ಸರಿ, ನೆಲಕ್ಕೆ ಸರಿಯಲ್ಲ. ನೀರಿನದು ಮರದ ನಾರನ್ನು ಎಬ್ಬಿಸುತ್ತದೆ, ಆದರೆ ಒಣಗಿದ ಮೇಲೆ ಯಾವ ವಾರ್ನಿಶನ್ನಾದರೂ ಒಪ್ಪುತ್ತದೆ. ಎಣ್ಣೆಯದು ನಿಧಾನವಾಗಿ ಒಣಗುತ್ತದೆ. ಆ ನಿಧಾನವೇ ನೆಲಕ್ಕೆ ಬೇಕಾದದ್ದು. ಸ್ಟೇನ್ ಹಚ್ಚಿ ಐದರಿಂದ ಹದಿನೈದು ನಿಮಿಷದೊಳಗೆ ಹೆಚ್ಚಿನದನ್ನು ಒರೆಸಿ ತೆಗೆಯಬೇಕು, ಮರ ಹೀರಿದ್ದಷ್ಟೇ ಉಳಿಯಬೇಕು. ನಾವು ಏಪ್ರಿಲ್ ತಿಂಗಳ ಮಧ್ಯಾಹ್ನ, ಕಿಟಕಿಗಳನ್ನೆಲ್ಲ ತೆರೆದಿಟ್ಟು ಈ ಕೆಲಸಕ್ಕೆ ಕುಳಿತೆವು. ಬಿಸಿ ಗಾಳಿಗೆ ಸ್ಟೇನ್ ಬಟ್ಟೆಗೆ ಸಿಗುವ ಮೊದಲೇ ಹಲಗೆಯ ಮೇಲೆ ಅಂಟಿತು. ಒಂದು ಸಾಲು ಮುಗಿಸಿ ಪಕ್ಕದ ಸಾಲಿಗೆ ಬರುವಷ್ಟರಲ್ಲಿ ಮೊದಲ ಸಾಲಿನ ಅಂಚು ಒಣಗಿರುತ್ತಿತ್ತು. ಎರಡೂ ಸೇರಿದಲ್ಲೆಲ್ಲ ಅಂಗೈ ಅಗಲದ ಕಪ್ಪು ಪಟ್ಟಿ. ಅದನ್ನು ತೆಗೆಯಲು ಮತ್ತೆ ಇಡೀ ನೆಲವನ್ನು ಉಜ್ಜಿಸದೆ ಬೇರೆ ದಾರಿಯಿರಲಿಲ್ಲ. ಸ್ಟೇನ್ ಹಚ್ಚಲೇಬೇಕಾದರೆ ಬೆಳಗಿನ ತಂಪಿನಲ್ಲಿ, ಒಂದೊಂದು ಹಲಗೆಯನ್ನು ಈ ತುದಿಯಿಂದ ಆ ತುದಿಯವರೆಗೆ ಪೂರ್ತಿ ಮುಗಿಸಿಯೇ ಮುಂದಿನದಕ್ಕೆ ಹೋಗಬೇಕು.

ಲೇಪಗಳ ನಡುವಿನ ಆಯ್ಕೆ

ನೆಲಕ್ಕೆ ಬೇಡವಾದವುಗಳನ್ನು ಮೊದಲು ಬದಿಗಿಡೋಣ. ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಮಾಡುವ ಫ್ರೆಂಚ್ ಪಾಲಿಶ್ ಹಳೆಯ ಕುರ್ಚಿ, ಪೆಟ್ಟಿಗೆಗಳ ಮೇಲೆ ಎಷ್ಟು ಚೆಂದವೋ ನೆಲದ ಮೇಲೆ ಅಷ್ಟೇ ದುರ್ಬಲ. ನೀರು ನಿಂತರೆ ಬೆಳ್ಳಗಾಗುತ್ತದೆ, ಬಿಸಿ ಪಾತ್ರೆ ಇಟ್ಟರೆ ಮೆತ್ತಗಾಗುತ್ತದೆ. ಎನ್‌ಸಿ, ಅಂದರೆ ನೈಟ್ರೋಸೆಲ್ಯುಲೋಸ್, ಲ್ಯಾಕರ್ ತೆಳು ಪೊರೆ, ಬೇಗ ಸವೆಯುತ್ತದೆ, ಹೊಡೆಯುವಾಗ ಬೆಂಕಿಯ ಭಯ ಹೆಚ್ಚು. ನಮ್ಮ ಕಡೆ ಬಾಗಿಲು, ಕಪಾಟುಗಳಿಗೆ ರೂಢಿಯಾಗಿರುವ ಮೆಲಮೈನ್ ಪಾಲಿಶ್ ಗಟ್ಟಿಯಾದದ್ದು ನಿಜ, ಆದರೆ ಅದರ ಗಟ್ಟಿತನದಲ್ಲಿ ಬಾಗುವ ಗುಣವಿಲ್ಲ. ಹೆಜ್ಜೆ ಇಟ್ಟಾಗ ಹಲಗೆ ಕೂದಲೆಳೆಯಷ್ಟು ಬಾಗುತ್ತದೆ, ಬೇಸಿಗೆಗೆ ಕುಗ್ಗುತ್ತದೆ, ಮಳೆಗಾಲಕ್ಕೆ ಹಿಗ್ಗುತ್ತದೆ. ಮೆಲಮೈನ್ ಅದರ ಜೊತೆ ಬಾಗಲಾರದೆ ಬಿರುಕು ಬಿಡುತ್ತದೆ. ನಮ್ಮಲ್ಲಿ ಸ್ಟೇನಿನ ಮೇಲೆ ಹೊಡೆಸಿದ್ದು ಇದನ್ನೇ. ಒಂದು ವರ್ಷ ತುಂಬುವ ಮೊದಲೇ ಹೊಸ್ತಿಲ ಬಳಿ ಉಗುರಿನಷ್ಟು ಅಗಲದ ಬಿಳಿಯ ಚಕ್ಕೆಗಳು ಎದ್ದವು. ಉಗುರು ಹಾಕಿ ಎತ್ತಿದರೆ ಈರುಳ್ಳಿ ಸಿಪ್ಪೆಯ ಹಾಗೆ ಬರುತ್ತಿತ್ತು.

ಉಳಿಯುವುದು ಪಾಲಿಯುರೆಥೇನ್, ಅಂದರೆ ಪೇಂಟರುಗಳು ಪಿಯು ಎಂದು ಕರೆಯುವ ಲೇಪ, ಮತ್ತು ಎಣ್ಣೆಗಳು. ಪಿಯುವಿನಲ್ಲಿ ಮೂರು ಬಗೆಗಳನ್ನು ಬೇರೆಬೇರೆಯಾಗಿಯೇ ತೂಗಿ ನೋಡಬೇಕು.

ಎಣ್ಣೆ ಆಧಾರದ, ಒಂದೇ ಡಬ್ಬಿಯ ಪಿಯು ಬೆಲೆಯಲ್ಲಿ ಕಡಿಮೆ, ಬ್ರಷ್ಷಿನಿಂದ ಬಳಿಯಲು ಸುಲಭ. ನಿಧಾನವಾಗಿ ಹರಡಿಕೊಳ್ಳುವುದರಿಂದ ಬ್ರಷ್ಷಿನ ಗೆರೆಗಳೂ ಉಳಿಯುವುದಿಲ್ಲ. ಸಾಗವಾನಿಯ ಮೇಲೆ ಜೇನಿನಂಥ ಬೆಚ್ಚಗಿನ ಬಣ್ಣ ಕೊಡುತ್ತದೆ, ವರ್ಷ ಕಳೆದಂತೆ ಇನ್ನಷ್ಟು ಹಳದಿಗೆ ತಿರುಗುತ್ತದೆ. ತೊಂದರೆಗಳು ಎರಡು. ಒಂದೊಂದು ಕೋಟ್ ಒಣಗಲು ಎಂಟರಿಂದ ಇಪ್ಪತ್ತನಾಲ್ಕು ಗಂಟೆ ಬೇಕಾಗುವುದರಿಂದ, ಅಷ್ಟೂ ಹೊತ್ತು ಗಾಳಿಯಲ್ಲಿರುವ ಧೂಳು ಅದರ ಮೇಲೆ ಕೂರುತ್ತದೆ. ಎರೆಮಣ್ಣಿನ ಹೊಲ, ಕಲ್ಲಿನ ಗಣಿ, ಸಿಮೆಂಟ್ ಕಾರ್ಖಾನೆಗಳ ನಮ್ಮ ಸೀಮೆಯಲ್ಲಿ ಇದು ಸಣ್ಣ ಮಾತಲ್ಲ. ಸಾಗವಾನಿಯಲ್ಲಿ ಸಹಜವಾಗಿಯೇ ಇರುವ ಎಣ್ಣೆ ಈ ಲೇಪ ಒಣಗುವುದನ್ನು ಇನ್ನೂ ತಡಮಾಡುತ್ತದೆ ಎಂಬುದು ಎರಡನೆಯದು. ಮೊದಲ ಕೋಟಿಗೆ ಸ್ವಲ್ಪ ಮುಂಚೆ ಥಿನ್ನರ್ ಇಲ್ಲವೆ ಅಸಿಟೋನ್ ಅದ್ದಿದ ಬಟ್ಟೆಯಿಂದ ಹಲಗೆಗಳನ್ನು ಒರೆಸಿಕೊಂಡರೆ ಮೇಲ್ಮೈಯ ಎಣ್ಣೆ ಹೋಗಿ ಲೇಪ ಚೆನ್ನಾಗಿ ಹಿಡಿಯುತ್ತದೆ.

ನೀರು ಆಧಾರದ ಪಿಯು ಡಬ್ಬಿಯಲ್ಲಿ ಹಾಲಿನಂತೆ ಬಿಳಿಯಾಗಿದ್ದು, ಒಣಗಿದ ಮೇಲೆ ಗಾಜಿನಂತೆ ತಿಳಿಯಾಗುತ್ತದೆ. ಬೆಲೆ ಹೆಚ್ಚು. ಆದರೆ ಎರಡರಿಂದ ನಾಲ್ಕು ಗಂಟೆಯಲ್ಲಿ ಒಣಗುವುದರಿಂದ ಧೂಳು ಕೂರಲು ಸಮಯ ಸಿಗುವುದಿಲ್ಲ, ಬೆಳಗಿನಿಂದ ಸಂಜೆಯೊಳಗೆ ಎರಡು ಕೋಟ್ ಮುಗಿಯುತ್ತವೆ, ವಾಸನೆ ಕಡಿಮೆ, ಮರದ ಬಣ್ಣ ಹಳದಿಗೆ ತಿರುಗುವುದಿಲ್ಲ. ಮಕ್ಕಳು, ಹಿರಿಯರು, ಉಬ್ಬಸದವರು ಇರುವ ಮನೆಯಲ್ಲಿ ನಾನು ಇದನ್ನೇ ಹೇಳುತ್ತೇನೆ. ಮೊದಲ ಕೋಟ್ ಬಿದ್ದಾಗ ಮರದ ನಾರು ಮುಳ್ಳಿನಂತೆ ಎದ್ದು, ಕೈಯಾಡಿಸಿದರೆ ತರಿತರಿಯಾಗಿ ತಾಗುತ್ತದೆ. ಹೊಸಬರು ಕೆಲಸ ಕೆಟ್ಟಿತೆಂದು ಹೆದರುವುದು ಇಲ್ಲಿಯೇ. 220 ನಂಬರಿನ ಸ್ಯಾಂಡ್‌ಪೇಪರಿನಿಂದ ಮೆಲ್ಲಗೆ ಸವರಿ, ಪುಡಿ ಒರೆಸಿ, ಮುಂದಿನ ಕೋಟ್ ಹೊಡೆದರೆ ನುಣುಪಾಗುತ್ತದೆ. ಹಲಗೆಗಳ ನಡುವಿನ ಸಂದಿಗೆ ಈ ಲೇಪ ಸುರಿಯದಂತೆ ನೋಡಿಕೊಳ್ಳಬೇಕು. ಸಂದಿಯಲ್ಲಿ ತುಂಬಿದರೆ ಅದು ಹಲಗೆಗಳನ್ನು ಒಂದಕ್ಕೊಂದು ಅಂಟಿಸುತ್ತದೆ, ಬೇಸಿಗೆಯಲ್ಲಿ ಅವೆಲ್ಲ ಒಟ್ಟಾಗಿ ಕುಗ್ಗಿ ಎಲ್ಲೋ ಒಂದು ಕಡೆ ದೊಡ್ಡ ಬಿರುಕಾಗುತ್ತದೆ.

ಗಟ್ಟಿಕಾರಕವನ್ನು ಬೆರೆಸಿ ಬಳಸುವ ಎರಡು ಡಬ್ಬಿಯ ಪಿಯು ಇವೆಲ್ಲಕ್ಕಿಂತ ಹೆಚ್ಚು ಬಾಳುತ್ತದೆ; ಅಂಗಡಿ, ಸಭಾಂಗಣ, ಆಟದ ಅಂಕಣಗಳಂತೆ ದಿನವಿಡೀ ಕಾಲು ಬೀಳುವ ಜಾಗಗಳಿಗೆ ಇದು ತಕ್ಕದ್ದು. ಬೆರೆಸಿದ ಮೇಲೆ ಕೆಲವೇ ಗಂಟೆಗಳಲ್ಲಿ ಡಬ್ಬಿಯೊಳಗೇ ಗಟ್ಟಿಯಾಗುತ್ತದೆ, ಸೆಕೆಯಲ್ಲಿ ಇನ್ನೂ ಬೇಗ. ಹಲವು ಬಗೆಗಳ ಗಟ್ಟಿಕಾರಕದಲ್ಲಿ ಉಸಿರಾಟಕ್ಕೆ ಕೆಡುಕು ಮಾಡುವ ಐಸೊಸಯನೇಟ್ ಎಂಬ ರಾಸಾಯನಿಕ ಇರುವುದರಿಂದ ಬಟ್ಟೆಯ ಮಾಸ್ಕ್ ಸಾಲದು, ಆವಿಯನ್ನು ತಡೆಯುವ ರೆಸ್ಪಿರೇಟರ್ ಬೇಕು, ಮನೆಯವರು ಬೇರೆ ಕಡೆ ಉಳಿದುಕೊಳ್ಳಬೇಕು. ಇಷ್ಟಾಗಿ, ಇದು ಸವೆದರೆ ನಡುವೆ ಒಂದು ತುಂಡನ್ನು ಮಾತ್ರ ಗೊತ್ತಾಗದಂತೆ ಸರಿಪಡಿಸುವುದು ಬಹಳ ಕಷ್ಟ. ಮಲಗುವ ಕೋಣೆಗೆ ಇಷ್ಟು ಗಟ್ಟಿತನದ ಅಗತ್ಯವಿಲ್ಲ ಎಂಬುದು ನನ್ನ ನಿಲುವು.

ಎಣ್ಣೆಯ ಕಡೆಗೆ ಬಂದರೆ, ಅಗಸೆ ನಮ್ಮದೇ ಹೊಲಗಳ ಬೆಳೆ. ರೊಟ್ಟಿಯ ಜೊತೆ ಅಗಸಿ ಹಿಂಡಿ ತಿನ್ನುವ ಮನೆಗಳಿಗೆ ಅದರ ಎಣ್ಣೆ ಮರಕ್ಕೂ ಒಳ್ಳೆಯದೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಅಗಸೆ ಎಣ್ಣೆ ಗಾಳಿಯ ಆಮ್ಲಜನಕವನ್ನು ಹೀರಿಕೊಂಡು ತಾನೇ ಗಟ್ಟಿಯಾಗುವ ಎಣ್ಣೆ. ಮರದೊಳಗೆ ಇಳಿಯುವುದರಿಂದ ಚಕ್ಕೆ ಏಳುವ ಮಾತೇ ಇಲ್ಲ, ಸವೆದ ಜಾಗಕ್ಕೆ ಮತ್ತೊಂದಿಷ್ಟು ಸವರಿದರೆ ಮುಗಿಯಿತು. ಆದರೆ ಗಾಣದಿಂದ ತಂದ ಹಸಿ ಎಣ್ಣೆ ವಾರಗಟ್ಟಲೆ ಜಿಗುಟಾಗಿಯೇ ಇದ್ದು ಧೂಳನ್ನೆಲ್ಲ ಹಿಡಿಯುತ್ತದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಮರಗೆಲಸಕ್ಕೆಂದೇ ಸಿಗುವ, ಬೇಗ ಒಣಗಿಸುವ ಲವಣ ಬೆರೆತ ‘ಬಾಯ್ಲ್ಡ್’ ಅಗಸೆ ಎಣ್ಣೆಯೇ ಬೇಕು. ಶೇಂಗಾ ಎಣ್ಣೆಯನ್ನು ಮಾತ್ರ ಹಚ್ಚಲೇಬಾರದು, ಅದು ಎಂದಿಗೂ ಗಟ್ಟಿಯಾಗುವುದಿಲ್ಲ. ಅಡುಗೆಯ ಕುಸುಬೆ ಎಣ್ಣೆಯೂ ಈ ಕೆಲಸಕ್ಕೆ ನಂಬುವಂಥದಲ್ಲ. ಎಣ್ಣೆಯ ಜೊತೆ ಗಟ್ಟಿ ಮೇಣ ಸೇರಿಸಿದ ಹಾರ್ಡ್‌ವ್ಯಾಕ್ಸ್ ಎಣ್ಣೆಗಳು ನೀರನ್ನು ಇನ್ನೂ ಚೆನ್ನಾಗಿ ತಡೆಯುತ್ತವೆ, ಆದರೆ ದುಬಾರಿ, ಮತ್ತು ಸಾಮಾನ್ಯವಾಗಿ ಹೈದರಾಬಾದಿನಿಂದಲೋ ಆನ್‌ಲೈನಿನಲ್ಲೋ ತರಿಸಬೇಕಾಗುತ್ತದೆ. ಎಣ್ಣೆ ನೆಲಕ್ಕೆ ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಕೈ ಮುಟ್ಟಿಸಲೇಬೇಕು. ಅದು ಆಗದ ಮನೆಗೆ ಎಣ್ಣೆ ಬೇಡ.

ಎಣ್ಣೆಯ ವಿಷಯದಲ್ಲಿ ಒಂದು ಎಚ್ಚರಿಕೆಯನ್ನು ಲಘುವಾಗಿ ತೆಗೆದುಕೊಳ್ಳಬಾರದು. ಅಗಸೆ ಎಣ್ಣೆ ಗಟ್ಟಿಯಾಗುವಾಗ ಶಾಖ ಹುಟ್ಟುತ್ತದೆ. ಎಣ್ಣೆ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಆ ಶಾಖ ಒಳಗೇ ಕೂಡಿಕೊಂಡು, ಯಾರೂ ಕಡ್ಡಿ ಗೀರದೆಯೇ ಬೆಂಕಿ ಹತ್ತಬಹುದು. ಕೆಲಸ ಮುಗಿದು ಅರ್ಧ ಗಂಟೆಯ ಮೇಲೆ ಅಂಥ ಒಂದು ಮುದ್ದೆಯನ್ನು ಕೈಗೆತ್ತಿಕೊಂಡಾಗ ಅದು ಆಗತಾನೆ ಬುಟ್ಟಿಯಿಂದ ತೆಗೆದ ರೊಟ್ಟಿಯಷ್ಟು ಬೆಚ್ಚಗಿತ್ತು. ಅಂದಿನಿಂದ ನಾನು ಬಟ್ಟೆಗಳನ್ನು ಬಕೆಟ್ಟಿನ ನೀರಿನಲ್ಲಿ ಮುಳುಗಿಸದೆ ಕೋಣೆಯಿಂದ ಹೊರಗೆ ಬರುವುದಿಲ್ಲ. ಇಲ್ಲವಾದರೆ ಒಂದೊಂದನ್ನೂ ಅಗಲವಾಗಿ ಬಿಚ್ಚಿ ಬಯಲಿನಲ್ಲಿ ಹರವಿ ಒಣಗಿಸಬೇಕು. ಎಣ್ಣೆ ಆಧಾರದ ಸ್ಟೇನ್, ವಾರ್ನಿಶ್ ಒರೆಸಿದ ಬಟ್ಟೆಗಳಿಗೂ ಇದೇ ಮಾತು.

ಹೊಳಪು, ಧೂಳು, ಕಾಲಮಾನ

ಹೊಳಪಿನ ಬಗ್ಗೆ ನನಗೆ ಅನುಮಾನವೇ ಇಲ್ಲ: ನಮ್ಮ ಸೀಮೆಗೆ ಹೊಳಪಿಲ್ಲದ ಮ್ಯಾಟ್, ಹೆಚ್ಚೆಂದರೆ ತುಸುವೇ ಹೊಳೆಯುವ ಸ್ಯಾಟಿನ್. ಕನ್ನಡಿಯಂತೆ ಹೊಳೆಯುವ ಗ್ಲಾಸಿ ನೆಲದ ಮೇಲೆ ಧೂಳಿನ ಪ್ರತಿ ಕಣವೂ ಕಾಣುತ್ತದೆ, ಆ ಕಣಗಳು ಕಾಲಡಿಯಲ್ಲಿ ಉಜ್ಜಿ ಎಳೆದ ಗೆರೆಗಳು ಇನ್ನೂ ಚೆನ್ನಾಗಿ ಕಾಣುತ್ತವೆ. ಮ್ಯಾಟ್ ಲೇಪದಲ್ಲಿ ಹೊಳಪು ತಗ್ಗಿಸುವ ಪುಡಿ ಡಬ್ಬಿಯ ತಳದಲ್ಲಿ ಕೂತಿರುತ್ತದೆ. ಅಲುಗಾಡಿಸಿದರೆ ಗುಳ್ಳೆ ಏಳುವುದರಿಂದ ಕೋಲಿನಿಂದ ತಳದವರೆಗೆ ನಿಧಾನವಾಗಿ ಕಲಕಬೇಕು. ಕೆಳಗಿನ ಎರಡು ಕೋಟ್ ಗ್ಲಾಸಿ ಹೊಡೆದು ಕೊನೆಯದನ್ನು ಮಾತ್ರ ಮ್ಯಾಟ್ ಮಾಡಿದರೆ ಮರದ ಎಳೆಗಳು ಹೆಚ್ಚು ಸ್ಪಷ್ಟವಾಗಿ ಕಾಣುತ್ತವೆ.

ಕೆಲಸದ ಕಾಲವನ್ನು ಆರಿಸುವುದು ಡಬ್ಬಿ ಆರಿಸುವಷ್ಟೇ ಮುಖ್ಯ. ಹೆಚ್ಚಿನ ವಾರ್ನಿಶ್‌ಗಳು ಸರಿಯಾಗಿ ಹರಡಿ ಒಣಗುವುದು ಸುಮಾರು 15ರಿಂದ 30 ಡಿಗ್ರಿ ಸೆಲ್ಸಿಯಸ್ ನಡುವೆ. ಕಲಬುರಗಿ, ಯಾದಗಿರಿಗಳಲ್ಲಿ ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ 40 ದಾಟುತ್ತದೆ. ಎತ್ತರದಲ್ಲಿರುವ ಬೀದರಿನಲ್ಲಿ ಸ್ವಲ್ಪ ತಂಪಾದರೂ ಈ ಕೆಲಸಕ್ಕೆ ಸಾಕಾಗುವಷ್ಟಲ್ಲ. ಮಳೆಗಾಲದಲ್ಲಿ ತೇವ ಹೆಚ್ಚಿ ಒಣಗುವುದೇ ತಡ. ದೀಪಾವಳಿ ಮುಗಿದ ಮೇಲೆ ಶುರುಮಾಡಿ ಎಳ್ಳ ಅಮಾವಾಸ್ಯೆಯ ಹೊತ್ತಿಗೆ ಮುಗಿಸುವುದು ಎಲ್ಲಕ್ಕಿಂತ ಒಳ್ಳೆಯದು, ತಡವಾದರೆ ಶಿವರಾತ್ರಿಯವರೆಗೂ ಆಗಬಹುದು. ಮಾರ್ಚಿನಲ್ಲಿ ಶರಣಬಸವೇಶ್ವರ ಜಾತ್ರೆಗೆ ನೆಂಟರು ಬರುತ್ತಾರೆಂದು ಹಿಂದಿನ ವಾರ ಹೊಡೆಸಿದ ನೆಲದ ಮೇಲೆ ಟ್ರಂಕು ಎಳೆದರೆ ಗುರುತು ಬೀಳುತ್ತದೆ, ಏಕೆಂದರೆ ಕೈಗೆ ಒಣಗಿದಂತೆ ತಾಗಿದರೂ ಪಿಯು ಪೂರ್ತಿ ಗಟ್ಟಿಯಾಗಲು ಒಂದು ವಾರದಿಂದ ಒಂದು ತಿಂಗಳು ಹಿಡಿಯುತ್ತದೆ. ಬೇಸಿಗೆಯಲ್ಲಿ ಹಲಗೆಗಳ ನಡುವೆ ನಾಣ್ಯದ ಅಂಚು ಸೇರುವಷ್ಟು ಸಂದಿ ಕಂಡರೆ ಪುಟ್ಟಿ ತುಂಬಿಸುವ ಆತುರ ಬೇಡ. ಆಗಸ್ಟಿನಲ್ಲಿ ಹಲಗೆ ಹಿಗ್ಗಿದಾಗ ಆ ಪುಟ್ಟಿ ಪುಡಿಯಾಗಿ ಮೇಲೆ ಬರುತ್ತದೆ.

ಹಳೆಯ ನೆಲವಾದರೆ

ಈಗಾಗಲೇ ಏನೋ ಬಳಿದಿರುವ ನೆಲಕ್ಕೆ ಹೊಸ ಲೇಪ ಹಿಡಿಯಬೇಕಾದರೆ ಹಳೆಯದು ಏನೆಂದು ತಿಳಿಯಬೇಕು. ಮೂಲೆಯಲ್ಲಿ ಸ್ಪಿರಿಟ್ಟಿನ ಒಂದು ಹನಿ ಹಾಕಿದಾಗ ಅಂಟಂಟಾದರೆ ಅದು ಅರಗಿನ ಪಾಲಿಶ್. ಟರ್ಪೆಂಟೈನ್ ಅದ್ದಿದ ಬಿಳಿ ಬಟ್ಟೆಯಿಂದ ಉಜ್ಜಿದಾಗ ಕಂದು ಜಿಡ್ಡು ಬಂದರೆ ಮೇಣ. ಮೇಣದ ಮೇಲೆ ಯಾವ ಪಿಯು ಕೂಡ ನಿಲ್ಲುವುದಿಲ್ಲ. ಬಣ್ಣ ಹೊಡೆದ ಹಲಗೆಗಳಾದರೆ ಇನ್ನೂ ಎಚ್ಚರ ಬೇಕು. ಭಾರತದಲ್ಲಿ ಮನೆಬಳಕೆಯ ಬಣ್ಣಗಳಲ್ಲಿ ಸೀಸವನ್ನು 90 ಪಿಪಿಎಂಗೆ (ಹತ್ತು ಲಕ್ಷ ಭಾಗದಲ್ಲಿ 90 ಭಾಗಕ್ಕೆ) ಮಿತಿಗೊಳಿಸುವ ನಿಯಮ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಬಣ್ಣದಲ್ಲಿ ಸೀಸ ಇರಬಹುದೆಂದೇ ತಿಳಿದು, ಒಣ ಉಜ್ಜುವಿಕೆ ಬಿಟ್ಟು, ಒದ್ದೆ ಮಾಡಿ ಕೆರೆದು ತೆಗೆಯಬೇಕು, ಮಕ್ಕಳನ್ನು ದೂರ ಇಡಬೇಕು. ಒರಲಿ ಹಿಡಿದ ಹಲಗೆಗೆ ಯಾವ ವಾರ್ನಿಶ್ಶೂ ಮದ್ದಲ್ಲ. ಬರಿಯ ಮರಕ್ಕೆ ಬೋರಾಕ್ಸ್, ಬೋರಿಕ್ ಆಮ್ಲದ ದ್ರಾವಣ ಕುಡಿಸಿ, ಪೂರ್ತಿ ಒಣಗಿಸಿ, ಆಮೇಲೆ ಲೇಪಕ್ಕೆ ಬರಬೇಕು.

ಉಜ್ಜುವಿಕೆಯನ್ನು 60 ನಂಬರಿನ ಸ್ಯಾಂಡ್‌ಪೇಪರಿನಿಂದ ಆರಂಭಿಸಿ 80, 100, 120ಕ್ಕೆ ನಿಲ್ಲಿಸಿದರೆ ಸಾಕು. ಹದಿನಾಲ್ಕು ಅಡಿ ಉದ್ದ, ಹನ್ನೆರಡು ಅಡಿ ಅಗಲದ ಕೋಣೆ ಎಂದರೆ 168 ಚದರ ಅಡಿ; ಒಂದು ಲೀಟರ್ ಒಂದು ಕೋಟಿಗೆ ಸುಮಾರು 100ರಿಂದ 120 ಚದರ ಅಡಿ ಬರುವುದರಿಂದ ಮೂರು ಕೋಟಿಗೆ ಐದು ಲೀಟರ್ ತರಬೇಕು.

ನಮ್ಮ ಮೇಲಿನ ಕೋಣೆಗೆ ಎರಡನೆಯ ಸಲ ನಾನು ಆರಿಸಿದ್ದು ಸ್ಟೇನ್ ಇಲ್ಲದೆ, ನೀರು ಆಧಾರದ ಮ್ಯಾಟ್ ಪಿಯು, ಮೂರು ಕೋಟ್. ಓಡಾಟ ಕಡಿಮೆಯಿರುವ ಹಳೆಯ ವಾಡೆಯ ಅಟ್ಟವಾಗಿದ್ದು, ವರ್ಷಕ್ಕೊಮ್ಮೆ ಕುಳಿತು ಸವರುವ ತಾಳ್ಮೆ ಮನೆಯಲ್ಲಿ ಯಾರಿಗಾದರೂ ಇದ್ದರೆ, ಎಣ್ಣೆಯನ್ನೇ ಆರಿಸುತ್ತಿದ್ದೆ. ಬೀದರ ಕೋಟೆಯ ರಂಗೀನ್ ಮಹಲಿನ ಕೆತ್ತನೆಯ ಮರದ ಕಂಬಗಳ ಮುಂದೆ ನಿಂತವರಿಗೆ, ಹಳೆಯ ಮರದ ಚೆಲುವು ಮರದ್ದೇ ಎಂಬುದು ತಿಳಿದಿರುತ್ತದೆ. ಖರ್ಚು ಕಡಿಮೆಯಾಗಬೇಕು, ಬೆಚ್ಚಗಿನ ಬಣ್ಣ ಬೇಕು, ಒಂದು ವಾರ ಆ ಕೋಣೆಯನ್ನು ಮುಚ್ಚಿಡಬಹುದು ಎನ್ನುವವರಿಗೆ ಎಣ್ಣೆ ಆಧಾರದ ಪಿಯು ಮೋಸ ಮಾಡುವುದಿಲ್ಲ. ಯಾವುದನ್ನು ಆರಿಸಿದರೂ ಮಂಚದ ಕೆಳಗಿನ ಮೂಲೆಯಲ್ಲಿ ಎರಡಡಿ ಜಾಗಕ್ಕೆ ಎಲ್ಲ ಕೋಟ್‌ಗಳನ್ನೂ ಹೊಡೆದು, ಒಂದು ವಾರ ಬಿಟ್ಟು, ನಾಣ್ಯದ ಅಂಚಿನಿಂದ ಗೀರಿ ನೋಡಬೇಕು. ಗೆರೆ ಮಾತ್ರ ಬಿದ್ದರೆ ಮುಂದುವರಿಯಬಹುದು, ಪುಡಿಯಾಗಿಯೋ ಚಕ್ಕೆಯಾಗಿಯೋ ಎದ್ದರೆ ಮರದ ಸಿದ್ಧತೆಯಲ್ಲಿ ತಪ್ಪಿದೆ. ಕೆಲಸ ಮುಗಿದ ಮೇಲೆ ಉಳಿದ ಲೇಪವನ್ನು ಗಾಳಿಯಾಡದಂತೆ ಮುಚ್ಚಿ, ಅದರ ಹೆಸರು, ಎಷ್ಟು ಕೋಟ್, ಯಾವ ತಿಂಗಳು, ಕೊನೆಗೆ ಉಜ್ಜಿದ ಕಾಗದದ ನಂಬರು ಎಷ್ಟು ಎಂದು ಒಂದು ಚೀಟಿಯಲ್ಲಿ ಬರೆದು ಡಬ್ಬಿಗೆ ಅಂಟಿಸಿಡಬೇಕು. ಐದು ವರ್ಷದ ಮೇಲೆ ಹೊಸ್ತಿಲ ಬಳಿ ಸವೆದ ಜಾಗಕ್ಕೆ ಕೈಹಾಕುವವರು ಮೊದಲು ಕೇಳುವುದು ಅದನ್ನೇ.